ಹರಿದ ರೊಟ್ಟಿಯ ಕರಾರು

ಖಜೂರಿ, ೯-೨-೧೯೮೭, ಸೋಮವಾರ

ಬೇಡವೆಂದೇ ಕೂತಿದ್ದೆ, ಆದರೂ ಆಂಧ್ರದ ಪೋಲಮ್ಮನನ್ನು ನನ್ನ ಖಾನಾವಳಿಗೆ ಸೇರಿಸಿಕೊಂಡೆ. ಗಂಡ ಸತ್ತ ಮೇಲೆ ಕೆಲಸ ಹುಡುಕುತ್ತ ಬಂದವಳು. ಅನ್ನದ ಸೀಮೆಯವಳಿಗೆ ಜೋಳದ ರೊಟ್ಟಿ ಏನು ಗೊತ್ತು?

"ರೊಟ್ಟಿ ಬಡಿಯಾಕ ಬರ್ತದೇನಬೇ?" ಎಂದೆ.

"ಬರಲ್ಲ ಅಮ್ಮಾ. ಕಲೀತೀನಿ. ಹರಿದಿದ್ದು ಎಲ್ಲಾ ನಾನೇ ತಿಂತೀನಿ" ಎಂದಳು.

ಮೊದಲನೆಯದು ಹಂಚಿಗೆ ಹಾಕುವಾಗಲೇ ಹರಿಯಿತು. ಊಟಕ್ಕೆ ಕೂತ ಲಾರಿಯವರು ನಕ್ಕರು. "ಇದು ರೊಟ್ಟಿ ಅಲ್ಲ ಆಯಿ, ಭೀಮಾ ನದಿ ನಕಾಶಿ" ಎಂದಳು ಮೊಮ್ಮಗಳು ಸುವರ್ಣಾ. ಪೋಲಮ್ಮ ಎಲ್ಲರಿಗಿಂತ ಜೋರಾಗಿ ನಕ್ಕು, "ನೀನೇ ತೋರ್ಸಮ್ಮಾ" ಎಂದು ಅವಳನ್ನೇ ಪಕ್ಕಕ್ಕೆ ಕೂರಿಸಿಕೊಂಡಳು. ನಾನು ಕರೆದರೆ ಒಲೆಯ ಹತ್ತಿರ ಸುಳಿಯದ ಹುಡುಗಿ ಕೂತು ಕಲಿಸಿದಳು. ಸಂಜೆಯ ಹೊತ್ತಿಗೆ ಒಂದೆರಡು ದುಂಡಗೆ ಬಂದವು.

ನನ್ನ ಮಗ ಕರ್ನೂಲಿಗೆ ಕೆಲಸಕ್ಕೆ ಹೋಗಿ, ತನ್ನ ತೆಲುಗಿಗೆ ಜನ ನಗುತ್ತಾರೆಂದು ವಾರದಲ್ಲೇ ವಾಪಸು ಬಂದ. ಮರ್ಯಾದೆಯನ್ನು ಮೂಗಿನ ತುದಿಯಲ್ಲಿ ಇಟ್ಟುಕೊಂಡವನು. ಇವಳದು ಎಂಥ ಗಟ್ಟಿ ಜೀವ, ನಗಿಸಿಕೊಂಡೇ ಕೆಲಸ ಗಿಟ್ಟಿಸಿದಳು.

ರಾತ್ರಿ, ಕೊಟ್ಟ ಮಾತಿನಂತೆ, ಹರಿದ ರೊಟ್ಟಿ ತಿನ್ನುತ್ತ ಕೂತಳು. ಒಳ್ಳೆಯದು ಕೊಟ್ಟರೂ ಮುಟ್ಟಲಿಲ್ಲ. ಅವಳ ತಾಟಿನಿಂದ ಒಂದು ಚೂರು ನಾನೂ ತಿಂದೆ. ದಪ್ಪ, ಒಳಗೆಲ್ಲ ಹಸಿ. ಬಾಯಿಗೆ ಬಂದ ಮಾತನ್ನು ರೊಟ್ಟಿಯ ಜೊತೆಗೇ ನುಂಗಿದೆ. ಈ ವಯಸ್ಸಿನಲ್ಲಿ ನನಗೂ ಕಲಿಯುವುದಿದೆ, ಬಯ್ಯದೆ ಕಲಿಸುವುದನ್ನು.