ಹನ್ನೊಂದು ಸೊನ್ನೆಗಳು

ಮಾರ್ಚ್ ೧೪, ಗುರುವಾರ

ಆ ಹನ್ನೊಂದು ಸೊನ್ನೆಗಳ ಕಾಟ ಇವತ್ತಿಗೆ ತೀರಿತು!

ಕಾಲುವೆ ನೀರಿಗೆ ಎಷ್ಟು ಕೊಡುತ್ತೀರಿ ಎಂದು ನಾನು ಕೇಳಿದ ಇನ್ನೂರು ರೈತರಲ್ಲಿ ಹನ್ನೊಂದು ಜನ ‘ಏನೂ ಕೊಡಲ್ಲ’ ಎಂದಿದ್ದರು. “ಸಿಟ್ಟಿಗೆ ಹಾಗಂದಿರ್ತಾರೆ, ತೆಗೆದುಹಾಕಮ್ಮ” ಎಂದಿದ್ದರು ನನ್ನ ಗೈಡು. ಕೃಷಿ ಅರ್ಥಶಾಸ್ತ್ರ ವಿಭಾಗದಲ್ಲಿ ಅವರಿಗೆ ಕತ್ತರಿ ಮೇಷ್ಟ್ರು ಅಂತ ಸುಮ್ಮನೆ ಹೆಸರು ಬಿದ್ದಿಲ್ಲ.

ನನಗೆ ಮನಸ್ಸು ಒಪ್ಪಲಿಲ್ಲ. ಕಳೆದ ವಾರ ಬಸ್ಸು ಹಿಡಿದು ಮತ್ತೆ ಹೋದೆ. ಹನ್ನೊಂದೂ ಜಮೀನು ಕಾಲುವೆಯ ಕಟ್ಟಕಡೆಯಲ್ಲಿವೆ! ಬತ್ತಿದ ಕಾಲುವೆಯೊಳಗೇ ಕಾಳು ಒಣಗಹಾಕಿದ್ದ ಅಜ್ಜಿಯೊಬ್ಬರು ನಕ್ಕುಬಿಟ್ಟರು. “ಅಲ್ಲ ಕಣಮ್ಮ, ಬರದೇ ಇರೋ ನೀರಿಗೆ ಯಾರಾದ್ರೂ ದುಡ್ಡು ಕೊಡ್ತಾರಾ? ಹೇಳಿದ ದಿನ ಬಿಡಲಿ, ಎಲ್ಲರಿಗಿಂತ ಎರಡು ಪಟ್ಟು ಕೊಡ್ತೀನಿ.” ಉಳಿದ ಹತ್ತು ಜನರದೂ ಅದೇ ಮಾತು. ಪ್ರಶ್ನೆ ಕೇಳಲು ಬಾರದಿದ್ದದ್ದು ನನಗೆ.

ಇವತ್ತು ಸೆಮಿನಾರಿನಲ್ಲಿ ಅದನ್ನೇ ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. “ಇಪ್ಪತ್ತು ವರ್ಷದಿಂದ ಇಂಥವರನ್ನೆಲ್ಲ ಕಿತ್ತುಹಾಕ್ತಾ ಬಂದೆನಲ್ಲ!” ಎಂದರು, ಎಲ್ಲರೆದುರಿಗೇ.

ಅವರು ತಿದ್ದಿದ ಪ್ರಬಂಧದ ಕರಡು ಈಗ ನನ್ನ ಮುಂದಿದೆ. ಪುಟಪುಟವೂ ಕೆಂಪು ಗೀಚು, ಪೀಠಿಕೆಯಂತೂ ಪೂರ್ತಿ ಹಾರಿಹೋಗಿದೆ. ಹೋಗಲಿ ಬಿಡು. ಆ ಹನ್ನೊಂದರ ಪಕ್ಕದಲ್ಲಿ ಮಾತ್ರ ಮೂರೇ ಅಕ್ಷರ: ‘ಇರಲಿ’.

ನಿದ್ದೆ ಎಳೆಯುತ್ತಿದೆ. ಇನ್ನೊಂದೇ ಒಂದು ಸಲ ನೋಡಿ ದೀಪ ಆರಿಸುತ್ತೇನೆ.