ಕರೆಂಟಿನಿಂದ ಬಂತೇನ್ರಿ ಮಾತು?

ರಾಯಚೂರು, ೧೮ ಫೆಬ್ರುವರಿ ೨೦೨೫, ಮಂಗಳವಾರ

ಈರಯ್ಯನವರಿಗೆ ಇವತ್ತು ಸರಿಯಾದ ಉತ್ತರ ಕೊಡಲಾಗಲಿಲ್ಲ. ಅದೇ ಕೊರೆಯುತ್ತಿದೆ.

ಪಾರ್ಶ್ವವಾಯು ಹೊಡೆದಾಗಿನಿಂದ ಅವರ ಹೆಂಡತಿ, ಮಾನ್ವಿ ಕಡೆಯ ಕುರ್ಡಿ ಊರಿನ ಬಸವಂತಮ್ಮನವರ ಮಾತು ನಿಂತಿದೆ. ಕರೆಂಟಿನಿಂದ ಮಾತು ಮರಳುತ್ತದೆಯೇ ಎಂದು ನೋಡುವ ನಮ್ಮ ಆಸ್ಪತ್ರೆಯ ಅಧ್ಯಯನದಲ್ಲಿ ಇಂಥವರ ತಲೆಗೆ ಒದ್ದೆ ಸ್ಪಂಜು ಕಟ್ಟಿ, ಸಣ್ಣ ಕರೆಂಟು ಹರಿಸುತ್ತಾ ಮಾತಿನ ಅಭ್ಯಾಸ ಮಾಡಿಸುತ್ತೇನೆ. ಅರ್ಧ ಜನರಿಗೆ ಮಾತ್ರ ನಿಜವಾದ ಕರೆಂಟು. ಉಳಿದವರಿಗೆ ಮೊದಲು ಸ್ವಲ್ಪ ಚುರುಗುಟ್ಟುತ್ತದೆ, ಆಮೇಲೆ ಗೊತ್ತಾಗದಂತೆ ಯಂತ್ರ ತಾನೇ ನಿಲ್ಲುತ್ತದೆ. ಯಾರಿಗೆ ಯಾವುದೆಂದು ನನಗೂ ತಿಳಿಸಿಲ್ಲ.

ಇವತ್ತು ಆಕಳ ಚಿತ್ರ ತೋರಿಸಿ ಹೆಸರು ಕೇಳಿದೆ. ಎಂದಿನಂತೆ ಈರಯ್ಯನವರೇ ನಡುವೆ ಬಾಯಿ ಹಾಕಿದರು: "ಆಕಳ ಅನ್ನಬೇ, ಆಕಳ."

ಬಸವಂತಮ್ಮ ಅವರ ಕಡೆ ತಿರುಗಿದರು. "ನೀವ್ ಸುಮ್ನಿರ್ರಿ."

ಅಷ್ಟು ಸ್ಪಷ್ಟವಾಗಿ! ಈರಯ್ಯನವರು ಅಳುತ್ತಲೇ ನಕ್ಕರು. "ಕರೆಂಟಿನಿಂದ ಬಂತೇನ್ರಿ ಮಾತು, ಮೇಡಂ?"

"ನನಗೂ ಗೊತ್ತಿಲ್ರಿ."

ಹೌದೆನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಕರೆಂಟಿನಿಂದಲೇ ಆಗಿರಲಿ ಎಂದು ನನಗೆ ಇಷ್ಟೊಂದು ಆಸೆ. ಅದಕ್ಕೇ ಇರಬೇಕು ನನ್ನಿಂದ ಮುಚ್ಚಿಟ್ಟಿರುವುದು. ಚಿತ್ರಗಳ ಹೆಸರು ಒಂದೂ ಬರಲಿಲ್ಲವಾದ್ದರಿಂದ ನಿಯಮದಂತೆ ಇವತ್ತಿನ ಅಂಕ ಸೊನ್ನೆ. ಸೊನ್ನೆಯನ್ನೇ ಬರೆದೆ.

ಹೊರಡುವಾಗ, "ನಾಳಿ ಬರ್ತೀರೇನ್ರಿ, ಅಮ್ಮಾ?" ಎಂದು ಕೇಳಿದೆ. ಈರಯ್ಯನವರು ಬಾಯಿ ತೆರೆದವರು ಮತ್ತೆ ಮುಚ್ಚಿಕೊಂಡರು. ಬಸವಂತಮ್ಮನವರ ತುಟಿ ಅಲುಗಿತು, ಮಾತು ಬರಲಿಲ್ಲ. ಮಾನ್ವಿ ಬಸ್ಸಿಗೆ ಹೊತ್ತಾಗುತ್ತಿತ್ತು. ಆದರೂ ಈರಯ್ಯನವರು ಅವಸರ ಮಾಡದೆ, ಹೆಂಡತಿಯ ಮುಖವನ್ನೇ ನೋಡುತ್ತಾ ನಿಂತರು.