ಸೋಂಪಿನ ತಟ್ಟೆಯ ದಕ್ಷಿಣೆ

ಮೈಸೂರು, ೧೪-೫-೧೯೭೫

ತಂಗಿ ಗೌರಕ್ಕನಿಗೆ ಅಕ್ಕನ ಆಶೀರ್ವಾದ. ಎಲ್ಲರೂ ಆರಾಮ, ನನ್ನ ಮೊಣಕಾಲು ನೋವೂ ಇಳಿದಿದೆ. ನಿನ್ನೆ ದೊಡ್ಡ ಹೋಟೆಲಿನಲ್ಲಿ ಉಂಡೆವು. ಊಟವಾದ ಮೇಲೆ ಬಡಿಸಿದವನು ತಟ್ಟೆಯಲ್ಲಿ ಸೋಂಪು, ಚಿಲ್ಲರೆ ಇಟ್ಟು ತಂದ. ನಾವು ಅಯ್ಯನವರಿಗೆ ಉಣಿಸಿ ದಕ್ಷಿಣೆ ಕೊಡುವುದಿಲ್ಲವೇ? ಇಲ್ಲಿಯೂ ಉಂಡವರಿಗೆ ಕೊಡುತ್ತಾರೆಂದು ತಿಳಿದು, ಕಣ್ಣಿಗೆ ಒತ್ತಿಕೊಂಡು ಸೆರಗಿನಲ್ಲಿ ಗಂಟು ಹಾಕಿದೆ. "ಭಾಳ ಛಲೋ ಪದ್ಧತಿರಿ ನಿಮ್ಮದು" ಎಂದು ಹೊಗಳಿದೆ. ಅವನ ಮುಖ ಬಾಡಿತು.

ಹೊರಗೆ ಬಂದು ಮಗ ಕುಬೇರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಯವ್ವಾ, ಅದು ನಮ್ಮದ ಚಿಲ್ಲರಿ! ಬಡಿಸಿದಾವಗ ಬಿಟ್ಟಿದ್ದೆ."

"ಅಲ್ಲೇ ಹೇಳಾಕ ನಿನಗೇನು ಧಾಡಿಯಾಗಿತ್ತು?"

ಬಡಿಸಿದವನ ಪಾಲು ನುಂಗುವ ಮನೆತನವೇ ನಮ್ಮದು? ದಡದಡನೆ ಒಳಗೆ ಹೋಗಿ, ಎಲ್ಲರ ಎದುರೇ ಗಂಟು ಬಿಚ್ಚಿ, ನನ್ನದೊಂದು ರೂಪಾಯಿ ಸೇರಿಸಿ, ಎಲೆ ಅಡಿಕೆ ಸಮೇತ ಎರಡೂ ಕೈಯಿಂದ ಕೊಟ್ಟೆ. ಅವನು ನಗುತ್ತ ಕೈಮುಗಿದ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮಾಲೀಕನೂ ಎದ್ದು ನಿಂತ. ನನಗೂ ನಗು ತಡೆಯಲಾಗಲಿಲ್ಲ, ಗೌರಾ! ದಾರಿಯುದ್ದಕ್ಕೂ ನಕ್ಕೆವು. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ಅಕ್ಕ,
ಗುರವ್ವ

ಟಪಾಲಿನ ಶಂಕ್ರಪ್ಪಾ, ನೀನೂ ಓದಿರುತ್ತಿ. ನಮ್ಮೂರು ಅಣ್ಣಿಗೇರಿಯಲ್ಲಿ ಬಾಯಿ ಬಿಟ್ಟೀಯೋ, ದೀಪಾವಳಿಗೆ ನಿನಗೆ ಇನಾಮು ಇಲ್ಲ.